ಸಹಿ ಇರುವ ಎಣ್ಣೆ

ವನಜಾಕ್ಷಿಯ ಬಳಿ ಒಂದು ಒಳ್ಳೆಯ ಸಹಿ ಇತ್ತು. ಅದನ್ನು ಹಾಕಲು ಜಾಗವಿರಲಿಲ್ಲ, ಅಷ್ಟೆ.

ಸಂಜೆ ಕಾಲೇಜಿನ ನಾಲ್ಕು ವರ್ಷ ನೋಟುಪುಸ್ತಕದ ಹಿಂದಿನ ಹಾಳೆಗಳ ಮೇಲೆ ಬರೆದು ಬರೆದು ಪಳಗಿಸಿಕೊಂಡ ಸಹಿ ಅದು. ಮೊದಲಕ್ಷರ ದೊಡ್ಡದು, ಕೊನೆಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ 'ಗಿರಿಜಾ ಲ್ಯೂಬ್ಸ್' ಎಂಬ ಎಂಜಿನ್ ಎಣ್ಣೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳು ಮೂರು ವರ್ಷದಿಂದ ಟ್ರೈನಿ. ಆ ಪ್ರಯೋಗಾಲಯದಲ್ಲಿ ಅವಳಲ್ಲದೆ ಇನ್ನೊಂದು ನರಪಿಳ್ಳೆ ಇರಲಿಲ್ಲವಾದ್ದರಿಂದ ಅವಳಿಗೆ ಟ್ರೈನಿಂಗ್ ಕೊಡುತ್ತಿದ್ದವರು ಯಾರು ಎಂದು ಕೇಳಿದರೆ ಅವಳೇ ಎನ್ನಬೇಕಾಗುತ್ತಿತ್ತು. ಎಣ್ಣೆಯನ್ನು ಪರೀಕ್ಷಿಸುವವಳು ಅವಳು, ವರದಿ ಬರೆಯುವವಳು ಅವಳು. ವರದಿಯ ಕೆಳಗೆ 'ಮುಖ್ಯ ರಸಾಯನಶಾಸ್ತ್ರಜ್ಞರು' ಎಂದಿದ್ದ ಕಡೆ ಸಹಿ ಹಾಕುತ್ತಿದ್ದವರು ಮಾಲೀಕ ರೇಣುಕಾಪ್ರಸಾದ್, ಬಿ.ಕಾಂ.

ಆ ಸೋಮವಾರ ರೇಣುಕಾಪ್ರಸಾದ್ ಅವಳನ್ನು ತಮ್ಮ ಕೋಣೆಗೆ ಕರೆಸಿ ಕುರ್ಚಿ ತೋರಿಸಿದರು. ಮೂರು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವಳು ಕೂತಿರಲಿಲ್ಲ. ಏನೋ ತಪ್ಪು ಮಾಡಿದ್ದೇನೆ ಎಂದುಕೊಂಡೇ ಕೂತಳು. ತಪ್ಪಲ್ಲ, ಬಡ್ತಿ. 'ಗಿರಿ ಅಲ್ಟ್ರಾ' ಎಂಬ ಹೊಸ ಎಣ್ಣೆ ಮಾರುಕಟ್ಟೆಗೆ ಬರುವುದಿತ್ತು. ಡಬ್ಬಿಯ ಮೇಲೆ 'ಫುಲ್ ಸಿಂಥೆಟಿಕ್' ಎಂದೂ, ಅದರ ಹಿಂದೆ ಬೆಂಕಿ ಉಗುಳುವ ಕಾರೊಂದೂ ಅಚ್ಚಾಗಲು ಕಾಯುತ್ತಿದ್ದವು. ಮುಂದಿನ ಸೋಮವಾರ ಬಿಡದಿಯಲ್ಲಿ ಮೆಕ್ಯಾನಿಕ್ಕುಗಳ ಮತ್ತು ಅಂಗಡಿಯವರ ಸಭೆ. ಅಲ್ಲಿ ಹಂಚಲು ಒಂದು ಪಟ್ಟಿ ಬೇಕು: ಒಂದು ಕಡೆ ಮಾರುಕಟ್ಟೆಯಲ್ಲಿ ಹೆಸರು ಮಾಡಿದ ಎರಡು ಎಣ್ಣೆ, ಇನ್ನೊಂದು ಕಡೆ ನಮ್ಮದು, ಯಾವುದರ ಒಳಗೆ ಯಾವ ಮೂಲ ಎಣ್ಣೆ ಎಷ್ಟು ಪಾಲು ಇದೆ ಎಂಬ ಹೋಲಿಕೆ. ಕೆಳಗೆ ರಸಾಯನಶಾಸ್ತ್ರಜ್ಞರ ಸಹಿ.

"ಹೋದ ಸಲ ಒಬ್ಬ ಮೆಕ್ಯಾನಿಕ್ ಎದ್ದು ನಿಂತು ಬಿ.ಕಾಂ. ಅಂದ್ರೆ ಎಣ್ಣೆ ಓದೋದಾ ಸಾರ್ ಅಂದ ಕಣಮ್ಮ. ಈ ಸಲ ಸೈನು ನಿಂದೇ. ಅವತ್ತಿಂದ ನೀನೇ ಚೀಫ್ ಕೆಮಿಸ್ಟು. ಲೆಟ್ರು ರೆಡಿ ಐತೆ, ನೋಡು" ಎಂದು ಅವರು ಡ್ರಾಯರನ್ನು ಎರಡು ಇಂಚು ಎಳೆದು ಒಂದು ಲಕೋಟೆ ತೋರಿಸಿ ಮತ್ತೆ ಮುಚ್ಚಿದರು.

ಪಟ್ಟಿ ಹೇಗಿರಬೇಕು ಎಂದು ಅವಳು ಕೇಳಿದಳು. ನಿಜವಿದ್ದಂತೆ ಇರಬೇಕು ಎಂದರು ಅವರು. ಮೂರೂ ಹೆಚ್ಚುಕಡಿಮೆ ಒಂದೇ ಎಂದು ಕಾಣಬೇಕು, ನಮ್ಮದು ಒಂದು ಕೂದಲೆಳೆ ಮೇಲೆ ಕಾಣಬೇಕು, ಮತ್ತು ನಿಜವಿದ್ದಂತೆ ಇರಬೇಕು.

ಎಂಜಿನ್ ಎಣ್ಣೆಯ ವಿಷಯ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಡಬ್ಬಿಯಲ್ಲಿರುವುದರ ಬಹುಪಾಲು ಮೂಲ ಎಣ್ಣೆ. ಉಳಿದದ್ದು ಎಂಜಿನ್ನಿಗೆ ಬೇಕಾದ ಮದ್ದುಗಳು. ಮೂಲ ಎಣ್ಣೆಯಲ್ಲಿ ಐದು ಗುಂಪು. ಮೊದಲ ಮೂರೂ ನೆಲದಡಿಯ ಕಚ್ಚಾ ಎಣ್ಣೆಯ ಮಕ್ಕಳೇ. ಒಂದನೆಯದನ್ನು ಕಾಟಾಚಾರಕ್ಕೆ, ಎರಡನೆಯದನ್ನು ಚೆನ್ನಾಗಿ, ಮೂರನೆಯದನ್ನು ಅದರ ಹುಟ್ಟು ಅದಕ್ಕೇ ಮರೆತುಹೋಗುವಷ್ಟು ತೊಳೆದಿರುತ್ತಾರೆ. ನಾಲ್ಕನೆಯದು ಕಾರ್ಖಾನೆಯಲ್ಲಿ ಅಣುವಿಗೆ ಅಣು ಜೋಡಿಸಿ ಕಟ್ಟಿದ್ದು. ಐದನೆಯದು ಈ ನಾಲ್ಕರೊಳಗೆ ಸೇರದ ಎಲ್ಲವೂ. ಅದರಲ್ಲಿ ಎಸ್ಟರ್ ಎಂಬ ಜಾತಿ ರೇಸಿನ ಗಾಡಿಗಳವರೆಗೂ ಹೋಗುತ್ತದೆ. ಮೂರನೆಯ ಗುಂಪನ್ನೂ ಸಿಂಥೆಟಿಕ್ ಎಂದು ಕರೆಯಬಹುದೆಂದು ವ್ಯಾಪಾರ ಲೋಕ ಬಹಳ ಹಿಂದೆಯೇ ದೊಡ್ಡ ಮನಸ್ಸು ಮಾಡಿತ್ತು. ರೇಣುಕಾಪ್ರಸಾದರು ಆ ದೊಡ್ಡ ಮನಸ್ಸನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದರು. ಗಿರಿ ಅಲ್ಟ್ರಾದಲ್ಲಿ ಮೂರನೆಯದು ನೂರಕ್ಕೆ ಅರವತ್ತು, ಎರಡನೆಯದು ನಲವತ್ತು. ಇದು ವನಜಾಕ್ಷಿಗೆ ಗೊತ್ತಿತ್ತು. ಬೆರೆಸುವ ಪಾಕಪಟ್ಟಿಯನ್ನು ಅಂದವಾಗಿ ನಕಲು ಮಾಡಿಕೊಟ್ಟವಳು ಅವಳೇ.

ಹಾಗಾದರೆ ಫುಲ್ ಸಿಂಥೆಟಿಕ್ ಎನ್ನುವುದು ಹೇಗೆ ಎಂದು ಅವಳು ಕೇಳಲಿಲ್ಲ. ಕೇಳಬೇಕೆಂದು ರಾತ್ರಿಯೆಲ್ಲ ಅಂದುಕೊಂಡಳು. ಅಷ್ಟರಲ್ಲಿ, ತಾನು ಓದಿದ್ದೇ ತಪ್ಪಿರಬಹುದಲ್ಲ ಎಂದೂ ಅನ್ನಿಸಿತು. ಸಂಜೆ ಕಾಲೇಜಿನಲ್ಲಿ ಕಡೆಯ ಕ್ಲಾಸುಗಳನ್ನು ಅವಳು ಪೂರ್ತಿ ಕೇಳಿದ್ದೇ ಇಲ್ಲ. ತನ್ನೂರು ಕೈಲಾಂಚದ ಕೊನೆಯ ಬಸ್ಸಿಗೆ ಓಡಬೇಕಿತ್ತು. ಯಾವುದೋ ಕಡೆಯ ಹತ್ತು ನಿಮಿಷದಲ್ಲಿ ಮೇಷ್ಟ್ರು ಇದಕ್ಕೆಲ್ಲ ಒಂದು ವಿನಾಯಿತಿ ಹೇಳಿರಲೂಬಹುದು. ಇಂಥ ಅನುಮಾನ ಅವಳಿಗೆ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು.

ಮಂಗಳವಾರ ಅವಳು ಕೆಲಸ ಶುರು ಮಾಡಿದಳು. ಪೇಟೆಯಿಂದ ತರಿಸಿದ ಎರಡು ಡಬ್ಬಿಗಳಲ್ಲಿ ಒಂದರ ಮೇಲೆ ಹಾರುವ ಚಿರತೆ ಇತ್ತು, ಬೆಲೆಯೂ ಹಾರುವಂಥದ್ದೇ. ಇನ್ನೊಂದು ಬರೀ ಬಿಳಿ ಡಬ್ಬಿ. ಪ್ರಯೋಗಾಲಯದಲ್ಲಿ ಒಂದು ಹಳೆಯ ಯಂತ್ರವಿತ್ತು. ಎಣ್ಣೆಯ ಒಂದು ಹನಿಯೊಳಗೆ ಕಣ್ಣಿಗೆ ಕಾಣದ ಬೆಳಕು ಹಾಯಿಸಿದರೆ ಅದರಲ್ಲಿ ಏನೇನಿದೆ ಎಂದು ಕಾಗದದ ಮೇಲೆ ಗುಡ್ಡ ಕಣಿವೆಗಳನ್ನು ಬರೆದುಕೊಡುತ್ತಿತ್ತು. ಒಂದೊಂದು ಪದಾರ್ಥಕ್ಕೆ ಒಂದೊಂದು ಜಾಗದಲ್ಲಿ ಗುಡ್ಡ. ಮುಚ್ಚಿಹೋದ ಯಾವುದೋ ಲ್ಯಾಬಿನಿಂದ ಬಂದ ಆ ಯಂತ್ರಕ್ಕೆ ಅವಳು ದಿನಾ ಬೆಳಿಗ್ಗೆ ಹತ್ತಿಬಟ್ಟೆಯಿಂದ ಮುಖ ಒರೆಸಿ ಅಂದಿನ ಕೆಲಸ ಏನೆಂದು ತಿಳಿಸುತ್ತಿದ್ದಳು. ಒಬ್ಬಳೇ ಇರುವ ಜಾಗದಲ್ಲಿ ಅಷ್ಟು ಮಾತು ಬೇಕಾಗುತ್ತದೆ.

ಯಂತ್ರದ ಗುಡ್ಡ, ಎಣ್ಣೆಯ ಮಂದ, ಅದು ಹೆಪ್ಪುಗಟ್ಟುವ ಚಳಿ, ಕಂಪನಿಯವರೇ ಪ್ರಕಟಿಸಿದ ಮಾಹಿತಿ ಪತ್ರ, ಎಲ್ಲ ಸೇರಿಸಿ ನೋಡಿದಾಗ ಚಿರತೆಯ ಎಣ್ಣೆ ಹೆಚ್ಚುಕಡಿಮೆ ಪೂರಾ ಮೂರನೆಯ ಗುಂಪು ಎಂದಾಯಿತು. ಬಿಳಿ ಡಬ್ಬಿಯದು ನಾಲ್ಕನೆಯದು, ಜೊತೆಗೆ ಒಂದಷ್ಟು ಎಸ್ಟರ್. ಮೈನಸ್ ಐವತ್ತು ಡಿಗ್ರಿ ಚಳಿಯಲ್ಲೂ ಅದು ಹರಿಯುತ್ತಿತ್ತು. ಕನಕಪುರದ ರಸ್ತೆಯಲ್ಲಿ ಸ್ಕೂಟರ್ ಓಡಿಸುವವರಿಗೆ ಇದು ಎಂಥ ನೆಮ್ಮದಿಯ ವಿಷಯ ಎಂದು ಬೇರೆ ಹೇಳಬೇಕಿಲ್ಲ.

ಬುಧವಾರ ಗಿರಿ ಅಲ್ಟ್ರಾದ ಸರದಿ. ಎಂದಿನಂತೆ ಮದ್ದು ಬೆರೆತ ಮೇಲಲ್ಲ, ಈ ಸಲ ಮದ್ದು ಹಾಕುವ ಮೊದಲೇ, ಬರೀ ಮೂಲ ಎಣ್ಣೆಯಷ್ಟನ್ನೇ ಟ್ಯಾಂಕಿನಿಂದ ಹಿಡಿದು ತಂದು ಒಂದು ಹನಿ ಯಂತ್ರಕ್ಕೆ ಕೊಟ್ಟಳು. ಕಾಗದ ನಿಧಾನವಾಗಿ ಹೊರಗೆ ಬಂತು. ಇರಬೇಕಾದ ಕಡೆಯೆಲ್ಲ ಇರಬೇಕಾದ ಗುಡ್ಡಗಳಿದ್ದವು. ಇರಬಾರದ ಒಂದು ಕಡೆ ಇನ್ನೊಂದು ಗುಡ್ಡವಿತ್ತು, ರಾಮನಗರದ ಬಂಡೆಯ ಹಾಗೆ ಒಂಟಿಯಾಗಿ, ಚೂಪಾಗಿ. ಅದು ಎಸ್ಟರಿನ ಜಾಗ.

ಗಿರಿ ಅಲ್ಟ್ರಾದಲ್ಲಿ ಎಸ್ಟರ್ ಇರಲು ಸಾಧ್ಯವೇ ಇರಲಿಲ್ಲ. ರೇಣುಕಾಪ್ರಸಾದರು ಎಸ್ಟರ್ ಕೊಳ್ಳುವ ಪೈಕಿ ಅಲ್ಲ.

ಬೇರೆಯವರಾಗಿದ್ದರೆ ಟ್ಯಾಂಕಿನ ಮೇಲೆ ಅನುಮಾನ ಪಡುತ್ತಿದ್ದರು. ವನಜಾಕ್ಷಿ ತನ್ನ ತಲೆಯ ಮೇಲೆ ಅನುಮಾನಪಟ್ಟಳು. ತಲೆ ಎಂದರೆ ಬುದ್ಧಿಯೂ ಹೌದು, ಕೂದಲೂ ಹೌದು. ಅವಳ ತಾಯಿ ದಾಸಮ್ಮ ಅವಳ ತಲೆಗೆ ವಾರಕ್ಕೆರಡು ಸಲ ಹರಳೆಣ್ಣೆ ತಿಕ್ಕುತ್ತಿದ್ದಳು, ಮತ್ತು ಹರಳೆಣ್ಣೆಯೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಎಸ್ಟರೇ. ಬಗ್ಗಿ ಹನಿ ಬಿಡುವಾಗ ಜಡೆ ತಾಗಿರಬೇಕು ಎಂದುಕೊಂಡಳು. ಗಾಜನ್ನು ಮೂರು ಸಲ ತೊಳೆದಳು. ಗುರುವಾರ ಬೆಳಿಗ್ಗೆ ಸೀಗೆಪುಡಿ ಹಾಕಿ ತಲೆ ತಿಕ್ಕಿಕೊಂಡು, ಕೂದಲನ್ನು ಬಿಗಿಯಾಗಿ ಬಟ್ಟೆಯಲ್ಲಿ ಕಟ್ಟಿ ಹೊರಟಳು. ದಾಸಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಹೋಗ್ತಿರೋದು ಕೆಲಸಕ್ಕೋ ಇಲ್ಲ ಕುರಿ ಉಣ್ಣೆ ಕತ್ತರಿಸೋಕೋ ಎಂದು ಕೇಳಿದಳು.

ಗುರುವಾರವೂ ಗುಡ್ಡ ಅಲ್ಲೇ ಇತ್ತು, ಅಷ್ಟೇ ಎತ್ತರ.

ಅವಳ ಹಿಂದೆ ನಿಂತು ಕಾಗದ ನೋಡಿದ ರೇಣುಕಾಪ್ರಸಾದರು ಬಿಳಿ ಡಬ್ಬಿಯ ಕಾಗದದಲ್ಲೂ ಅದೇ ಜಾಗದಲ್ಲಿ ಗುಡ್ಡವಿರುವುದನ್ನು ಗಮನಿಸಿದರು. ಬಿ.ಕಾಂ. ಆದರೇನು, ಕಣ್ಣು ಚುರುಕಾಗಿತ್ತು. ಇದೇನು ಎಂದು ಕೇಳಿದರು. ಎಸ್ಟರ್ ಇರಬಹುದು, ಆದರೆ ತನ್ನದೇ ತಪ್ಪೂ ಇರಬಹುದು ಎಂದು ಅವಳು ಹೇಳಿದಳು. 'ಆದರೆ'ಯಿಂದ ಮುಂದಿನದು ಅವರ ಕಿವಿಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಡಬ್ಬಿಯ ನಕ್ಷೆಯಲ್ಲಿ ಬೆಂಕಿ ಉಗುಳುವ ಕಾರಿನ ಕೆಳಗೆ 'ಎಸ್ಟರ್ ಶಕ್ತಿ' ಎಂಬ ಎರಡು ಪದ ಹೊಸದಾಗಿ ಸೇರಿದ್ದವು.

ಶುಕ್ರವಾರ ಬೆಳಿಗ್ಗೆ ಅವಳು ಎಂದಿಗಿಂತ ಒಂದು ಗಂಟೆ ಮುಂಚೆ ಕಾರ್ಖಾನೆಗೆ ಬಂದಳು. ಟ್ಯಾಂಕನ್ನು ಒಂದು ಸಲ ಖಾಲಿಯಿಂದ ತುಂಬುವವರೆಗೆ ತಾನೇ ಕಣ್ಣಾರೆ ನೋಡಿಬಿಡಬೇಕು ಎಂದು. ಟ್ಯಾಂಕಿನ ಕೆಲಸ ಕರಿಯಪ್ಪನದು. ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಮನುಷ್ಯ. ಅವಳನ್ನು ಕಂಡು ಅವನ ಮುಖ ಒಂದು ಥರ ಆಯಿತು. ಚಾ ಕುಡಿದು ಬಾರವ್ವ, ಅಷ್ಟರಲ್ಲಿ ತುಂಬಿಸಿರ್ತೀನಿ ಎಂದ. ಅವಳು ಚಾ ಕುಡಿಯುವುದಿಲ್ಲ ಎಂದಳು. ಹಾಗಾದ್ರೆ ಒಸಿ ಕಾಫಿ ಕುಡಿ ಎಂದ.

ಏಳೂವರೆಗೆ ಗೇಟಿನ ಹತ್ತಿರ ಕಾರು ನಿಂತಿತು. ರೇಣುಕಾಪ್ರಸಾದರ ತಾಯಿ ಗಿರಿಜಾಂಬ ಇಳಿದರು. ಎಪ್ಪತ್ತೆರಡು ವರ್ಷ, ಹಣೆಯಲ್ಲಿ ಮೂರು ಬೆರಳಗಲ ವಿಭೂತಿ, ಕಾಲಲ್ಲಿ ಮಗನ ಬೂಟು. ಡ್ರೈವರು ಹಿಂದಿನ ಸೀಟಿನಿಂದ ಬಾಯಿಗೆ ಬಾಳೆಲೆ ಕಟ್ಟಿದ ತಾಮ್ರದ ಬಿಂದಿಗೆಯೊಂದನ್ನು ಎತ್ತಿಕೊಂಡು ಬಂದ. ಕರಿಯಪ್ಪ ಮೆಟ್ಟಿಲು ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದ. ಗಿರಿಜಾಂಬ ಒಂದೊಂದೇ ಮೆಟ್ಟಿಲು ಹತ್ತಿ, ಕಣ್ಣು ಮುಚ್ಚಿ ಎರಡು ಮಾತು ಗುನುಗಿ, ಬಿಂದಿಗೆಯನ್ನು ಬಗ್ಗಿಸಿದರು. ಹಳದಿ ಹಳದಿಯಾಗಿ, ಮಂದವಾಗಿ, ಯಾವ ಆತುರವೂ ಇಲ್ಲದೆ ಹತ್ತು ಲೀಟರು ಹರಳೆಣ್ಣೆ ಎರಡು ಸಾವಿರ ಲೀಟರಿನ ಟ್ಯಾಂಕಿಗೆ ಇಳಿಯಿತು.

ವನಜಾಕ್ಷಿಗೆ ಮೊದಲು ಆದದ್ದು ಸಂತೋಷ. ತಪ್ಪು ತನ್ನದಲ್ಲ, ತನ್ನ ಗಾಜು ಶುದ್ಧವಾಗಿದೆ, ತನ್ನ ಜಡೆ ನಿರಪರಾಧಿ. ಆಮೇಲೆ ಡಬ್ಬಿಗೆ ಹೊಸದಾಗಿ ಸೇರಿದ 'ಎಸ್ಟರ್ ಶಕ್ತಿ' ನೆನಪಿಗೆ ಬಂತು.

ಕೆಳಗಿಳಿದ ಗಿರಿಜಾಂಬನವರೇ ಅವಳನ್ನು ಕೂರಿಸಿಕೊಂಡು ವಿಷಯ ತಿಳಿಸಿದರು. ಅವರ ಮಾವನವರು ಮಾಗಡಿಯಿಂದ ಬೆಂಗಳೂರಿಗೆ ಹನ್ನೆರಡು ಗಾಡಿ ಓಡಿಸುತ್ತಿದ್ದವರು, ಎತ್ತಿನ ಗಾಡಿ. ಗಾಡಿ ಹೊರಡುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕಬೇಕು. ಅದೂ ಮನೆಯ ಹೊಲದ ಹರಳಿನಿಂದ ತೆಗೆದದ್ದು, ಮನೆಯ ಹೆಂಗಸಿನ ಕೈಯಿಂದ. ಹಾಕದೆ ಹೊರಟ ಗಾಡಿ ಒಂದೇ ಒಂದು ಸಲ, ಅದೂ ತಾವರೆಕೆರೆ ದಾಟಲಿಲ್ಲವಂತೆ. ಎತ್ತಿನ ಗಾಡಿ ಹೋಗಿ ಲಾರಿ ಬಂದವು, ಲಾರಿ ಹೋಗಿ ಕಾರ್ಖಾನೆ ಬಂತು. ಕೀಲೆಣ್ಣೆ ನಿಲ್ಲಲಿಲ್ಲ. ಮಗನಿಗೆ ಗೊತ್ತೇ ಎಂದು ವನಜಾಕ್ಷಿ ಕೇಳಿದಳು. "ಗಂಡಸ್ರಿಗೆ ಎಲ್ಲಾನೂ ಯಾಕವ್ವ ಏಳೋದು" ಎಂದರು ಗಿರಿಜಾಂಬ.

ಹೆದರಿಕೆಯನ್ನು ನುಂಗಿಕೊಂಡು ವನಜಾಕ್ಷಿ ವಿವರಿಸಲು ನೋಡಿದಳು. ಟ್ಯಾಂಕು ಬಿಸಿಯಿದ್ದಾಗ ಹರಳೆಣ್ಣೆ ಕರಗಿದಂತೆ ಕಾಣುತ್ತದೆ, ತಣ್ಣಗಾದರೆ ಈ ಎಣ್ಣೆಯ ಜೊತೆ ಅದು ಹೊಂದುವುದಿಲ್ಲ, ಮಬ್ಬಾಗಿ ತಳಕ್ಕಿಳಿದು ಕೂರುತ್ತದೆ, ಎಂಜಿನ್ನಿನ ಬಿಸಿಗೆ ಕ್ರಮೇಣ ಅಂಟಾಗುತ್ತದೆ. ಒಂದು ಚಮಚ ಹಾಕಿದರೂ ಶಾಸ್ತ್ರ ಆಗುತ್ತದಲ್ಲವೇ ಎಂದಳು. ಗಿರಿಜಾಂಬ ಪೂರಾ ಕೇಳಿದರು.

"ತಳಕ್ಕೆ ಕೂರ್ತೈತೆ ಅಂದ್ರೆ ಮೇಲಕ್ಕೆ ಸಾಲ್ತಿಲ್ಲ ಅಂತ ಕಣವ್ವ. ಮುಂದಿನ ಸಲಕ್ಕೆ ಎಲ್ಡು ಬಿಂದ್ಗೆ ತತ್ತೀನಿ."

ಪ್ರಯೋಗಾಲಯಕ್ಕೆ ಮರಳಿದ ಅವಳು ಕಪಾಟು ತೆರೆದಳು. ಪ್ರತಿ ಸಲ ಬೆರೆಸಿದ ಎಣ್ಣೆಯಲ್ಲಿ ಒಂದು ಸೀಸೆಯನ್ನು ದಿನಾಂಕ ಬರೆದು ಎತ್ತಿಡುವುದು ಕ್ರಮ. ಮೂರು ವರ್ಷದ ಸೀಸೆಗಳು ಅಲ್ಲಿ ಸಾಲಾಗಿ ನಿಂತಿದ್ದವು. ಒಂದೊಂದನ್ನೇ ಬೆಳಕಿಗೆ ಹಿಡಿದಳು. ಪ್ರತಿಯೊಂದರ ತಳದಲ್ಲೂ ಮಂಜು ಕವಿದಂಥ ಒಂದು ತೆಳು ಪದರ. ಈ ಪದರವನ್ನು ಅವಳು ಮೊದಲ ವರ್ಷವೇ ನೋಡಿದ್ದಳು. ಸೀಸೆ ಸರಿಯಾಗಿ ತೊಳೆದಿಲ್ಲ ಎಂದು ತನ್ನನ್ನೇ ಬೈದುಕೊಂಡು, ಅಂದಿನಿಂದ ಸೀಸೆಗಳನ್ನು ಎರಡೆರಡು ಸಲ ತೊಳೆಯುತ್ತ ಬಂದಿದ್ದಳು. ಗಿರಿಜಾಂಬನವರ ಗುಟ್ಟನ್ನು ಮೂರು ವರ್ಷ ಕಾಪಾಡಿದ್ದು ಕರಿಯಪ್ಪನಲ್ಲ, ವನಜಾಕ್ಷಿಯ ವಿನಯ.

ಮಧ್ಯಾಹ್ನ ಅವಳು ರೇಣುಕಾಪ್ರಸಾದರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಹೇಳುವಾಗ ಕುರ್ಚಿಯಲ್ಲಿ ಕೂರಲಿಲ್ಲ. ಅವರು ಸ್ವಲ್ಪ ಹೊತ್ತು ಗೋಡೆಯ ಮೇಲಿನ ತಂದೆಯವರ ಫೋಟೋ ನೋಡಿದರು. ಅಮ್ಮನನ್ನು ತಡೆಯುವ ಪ್ರಶ್ನೆಯೇ ಇಲ್ಲ ಎಂದರು; ಕಾರ್ಖಾನೆಗೆ ಹೆಸರು ಅವರದು, ಜಾಗವೂ ಅವರದು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು.

"ಒಂದ್ ಕೇಳ್ತೀನಿ, ಓದಿರೋಳು ನೀನು, ಸುಳ್ಳು ಏಳ್ಬೇಡ. ಅಳ್ಳೆಣ್ಣೆ ಎಸ್ಟರ್ ಹೌದೋ ಅಲ್ವೋ?"

"ಹೌದು ಸರ್. ಆದರೆ..."

"ಮುಗೀತಲ್ಲ. ಸೈನ್ ಹಾಕು."

ಇಷ್ಟು ವರ್ಷ ಬೇಕೆಂದು ಕಾದಿದ್ದ ಜಾಗ ಅವಳ ಮುಂದೆ ಚುಕ್ಕೆಗೆರೆಯಾಗಿ ಮಲಗಿತ್ತು. ಪಟ್ಟಿಯನ್ನು ಅವರೇ ಟೈಪು ಮಾಡಿಸಿದ್ದರು. ಚಿರತೆಯ ಎಣ್ಣೆ: ಸಿಂಥೆಟಿಕ್. ಬಿಳಿ ಡಬ್ಬಿ: ಸಿಂಥೆಟಿಕ್, ಎಸ್ಟರ್. ಗಿರಿ ಅಲ್ಟ್ರಾ: ಫುಲ್ ಸಿಂಥೆಟಿಕ್, ಎಸ್ಟರ್ ಶಕ್ತಿ. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ನೋಡಿದರೆ ಪೂರಾ ಸುಳ್ಳು ಎಂದು ಹೇಳಬಹುದಾದದ್ದು 'ಫುಲ್' ಒಂದೇ. ಒಟ್ಟಿಗೆ ಓದಿದರೆ ನಿಜ ಎಂಬುದು ಒಂದು ಹನಿಯೂ ಇರಲಿಲ್ಲ. ಪೆನ್ನು ತೆಗೆದುಕೊಂಡಳು. ಮೊದಲಕ್ಷರದ ಜಾಗದಲ್ಲಿ ಪೆನ್ನಿನ ಮೂತಿ ಇಟ್ಟಳು. ನೀಲಿ ಚುಕ್ಕೆಯೊಂದು ಅಲ್ಲಿ ದಪ್ಪವಾಗುತ್ತ ಹೋಯಿತು. ಸೋಮವಾರ ಸಭೆಯಲ್ಲೇ ಹಾಕುತ್ತೇನೆ ಎಂದು ಹೇಳಿ ಹೊರಬಂದಳು. ಅದು ಧೈರ್ಯವಲ್ಲ. ಅಷ್ಟು ದಪ್ಪ ಚುಕ್ಕೆಯ ಮೇಲೆ ಬರೆದರೆ ಸಹಿ ಕೆಡುತ್ತದೆ ಎಂಬ ಭಯ.

ಬಿಡದಿಯ ಸಭೆ ತಟ್ಟೆ ಇಡ್ಲಿ ಹೋಟೆಲೊಂದರ ಮಹಡಿಯಲ್ಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆಯಿಂದ ಅರವತ್ತು ಜನ ಬಂದಿದ್ದರು, ಎಣ್ಣೆಗಾಗಿ ಎಷ್ಟು ಮಂದಿ, ಇಡ್ಲಿಗಾಗಿ ಎಷ್ಟು ಮಂದಿ ಎಂದು ವಿಂಗಡಿಸುವ ಯಂತ್ರ ವನಜಾಕ್ಷಿಯ ಬಳಿ ಇರಲಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ ಮೂರು ಗಾಜಿನ ಸೀಸೆ ಇಟ್ಟಿದ್ದರು. ರೇಣುಕಾಪ್ರಸಾದ್ ಮೈಕಿನಲ್ಲಿ ಎಸ್ಟರಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅದರಲ್ಲಿ ಆರು ನಿಮಿಷ ಅವರ ತಂದೆಯ ಬಗ್ಗೆ.

ಆಗ ಮುಂದಿನ ಸಾಲಿನಿಂದ ಓವೈಸ್ ಎದ್ದ. ರಾಮನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಗ್ಯಾರೇಜು. ಹೋದ ಸಲ ಬಿ.ಕಾಂ. ಪ್ರಶ್ನೆ ಕೇಳಿದವನೂ ಅವನೇ. ಅವನ ಮನೆಯವರು ತಲೆತಲಾಂತರದಿಂದ ರೇಷ್ಮೆ ನೂಲು ತೆಗೆಯುವವರು. ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವಾಗ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಹುಳ ಹೇಗಿದೆ ಎಂದು ಕೇಳುವ ಜನ. ಓವೈಸ್ ಎಂಜಿನ್ ಕೆಲಸಕ್ಕೆ ಬಂದರೂ ಕೈ ಹಳೆಯ ಕೆಲಸ ಮರೆತಿರಲಿಲ್ಲ. ಮೂರೂ ಸೀಸೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲುಗಾಡಿಸಿದ. ಗಿರಿ ಅಲ್ಟ್ರಾ ಸೀಸೆಯಲ್ಲಿ ತಳದ ಮಬ್ಬು ಮೇಲೆದ್ದು ಸುತ್ತಿತು.

"ಇದ್ರಾಗೆ ಕೆಳಗೆ ಏನೋ ಕುಂತೈತಲ್ಲ. ಏನಕ್ಕಾ ಅದು?"

ಪ್ರಶ್ನೆ ಕೇಳಿದ್ದು ರೇಣುಕಾಪ್ರಸಾದರನ್ನಲ್ಲ, ಅವಳನ್ನು. ಅವರು ಅವಳ ಕೈಗೆ ಮೈಕು ಕೊಟ್ಟು, ಇನ್ನೊಂದು ಕೈಗೆ ಪಟ್ಟಿಯನ್ನೂ ಪೆನ್ನನ್ನೂ ಕೊಟ್ಟರು. ಜೇಬಿನಿಂದ ಲಕೋಟೆಯ ತುದಿ ಕಾಣುತ್ತಿತ್ತು.

ಸುಳ್ಳು ಹೇಳಬೇಕೆಂದೇ ಅವಳು ಬಾಯಿ ತೆರೆದಳು. ಇದನ್ನು ಅವಳು ಆಮೇಲೆ ಯಾರ ಬಳಿಯೂ ಹೇಳಿಕೊಳ್ಳಲಿಲ್ಲ. ಆದರೆ ಸುಳ್ಳಿಗೂ ಒಂದಿಷ್ಟು ತಯಾರಿ ಬೇಕು, ಅವಳು ತಯಾರಿ ಮಾಡಿಕೊಂಡಿದ್ದದ್ದು ನಿಜಕ್ಕೆ ಮಾತ್ರ. ವಾರವೆಲ್ಲ ಮನಸ್ಸಿನಲ್ಲಿ ಹೇಳಿಕೊಂಡದ್ದು ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸಿದಂತೆ ಹೊರಗೆ ಬಂತು. ಬಿಳಿ ಡಬ್ಬಿಯದು ನಾಲ್ಕನೆಯ ಗುಂಪು ಮತ್ತು ಎಸ್ಟರ್. ಚಿರತೆಯದು ಮೂರನೆಯ ಗುಂಪು. ನಮ್ಮದು ಅರವತ್ತು ಪಾಲು ಮೂರನೆಯದು, ಹತ್ತಿರ ಹತ್ತಿರ ನಲವತ್ತು ಪಾಲು ಎರಡನೆಯದು, ಅಂದರೆ ನೀವು ದಿನಾ ಹಾಕುವ ಮಾಮೂಲಿ ಎಣ್ಣೆಯಲ್ಲಿ ಇರುವುದೇ. ನೂರರಲ್ಲಿ ಉಳಿದ ಅರ್ಧ ಪಾಲು ಹರಳೆಣ್ಣೆ, ಮಾಲೀಕರ ತಾಯಿಯವರು ಶಾಸ್ತ್ರಕ್ಕೆ ಹಾಕುವುದು. ಅದು ತಳಕ್ಕೆ ಕೂರುತ್ತದೆ. ಬಹಳ ದಿನ ಬಿಟ್ಟರೆ ಅಂಟಾಗಬಹುದು. ಮೂರು ಸಾವಿರ ಕಿಲೋಮೀಟರಿಗೆ ಬದಲಾಯಿಸುವುದು ಒಳ್ಳೆಯದು. ಎಲ್ಲ ಹೇಳಿ, ಹೇಳಿದ್ದರಲ್ಲಿ ತಪ್ಪಿದ್ದರೆ ಕ್ಷಮಿಸಬೇಕು ಎಂದೂ ಸೇರಿಸಿ ಮೈಕು ಕೆಳಗಿಟ್ಟಳು.

ಕೆಳಗಿನ ಅಡುಗೆಮನೆಯಲ್ಲಿ ಇಡ್ಲಿ ತಟ್ಟೆಗಳ ಸದ್ದು ಮೇಲಿನವರೆಗೂ ಕೇಳಿಸಿತು. ರೇಣುಕಾಪ್ರಸಾದರು ಜೇಬಿನ ಲಕೋಟೆಯನ್ನು ಒಳಗೆ ತಳ್ಳಿದರು.

ಮೊದಲು ಮಾತಾಡಿದವನು ಓವೈಸ್. "ಇಪ್ಪತ್ತು ವರ್ಸ ಆಯ್ತು ಈ ಮೀಟಿಂಗ್‌ಗಳಿಗೆ ಬಂದು. ನಮ್ದ್ರಾಗೆ ಮಾಮೂಲಿ ಎಣ್ಣೆ ಬೆರ್ಸಿದೀವಿ ಅಂತ ಒಬ್ಬ ಕಂಪನಿಯವ್ನೂ ಏಳ್ಲಿಲ್ಲ. ಈ ಅಕ್ಕನ ಸೈನ್ ಇರೋ ಡಬ್ಬಿ ಕೊಡಿ ಸಾರ್, ಇಟ್ಕೊತೀವಿ. ಇಲ್ದಿದ್ದ ಡಬ್ಬಿ ಬ್ಯಾಡ."

ಅಷ್ಟರಲ್ಲಿ ಮಾಗಡಿಯ ಕಡೆಯವರು ಹರಳೆಣ್ಣೆಯನ್ನು ಹಿಡಿದುಕೊಂಡಿದ್ದರು. ಅಚ್ಚಿಗೆ ಹರಳೆಣ್ಣೆಗಿಂತ ಒಳ್ಳೆಯದು ಯಾವುದಿದೆ ಎಂದು ಒಬ್ಬ, ತನ್ನ ತಾತ ಬುಲೆಟ್ಟಿಗೇ ಹಾಕುತ್ತಿದ್ದ ಎಂದು ಇನ್ನೊಬ್ಬ, ಸ್ವಂತ ಹೊಲದ್ದೋ ಪೇಟೆಯದ್ದೋ ಎಂದು ಮತ್ತೊಬ್ಬ. ತಳಕ್ಕೆ ಕೂರುವುದು ಅಸಲಿ ಎಂಬುದಕ್ಕೆ ಸಾಕ್ಷಿ ಎಂದು ತೀರ್ಮಾನವಾಯಿತು. ನೀರಿಗೆ ಬಿಟ್ಟರೆ ಬೆರಕೆ ಜೇನು ತಳಕ್ಕೆ ಕೂರುವುದಿಲ್ಲವಂತೆ. ಅಂಟಾಗುವ ವಿಷಯವನ್ನು ವನಜಾಕ್ಷಿ ಎರಡು ಸಲ ಮತ್ತೆ ಹೇಳಲು ನೋಡಿದಳು. ಆ ಹೊತ್ತಿಗೆ ಇಡ್ಲಿ ಬಂದಿತ್ತು.

ಮರುದಿನ ರೇಣುಕಾಪ್ರಸಾದ್ ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಅವರ ಮುಖದಲ್ಲಿ ಸಿಟ್ಟು ಇತ್ತು, ಆರ್ಡರುಗಳೂ ಇದ್ದವು. ಎರಡರ ನಡುವೆ ಆರ್ಡರುಗಳು ಗೆದ್ದಿದ್ದವು. ಡಬ್ಬಿಯ ಮೇಲೆ ನಿನ್ನ ಸಹಿ ಅಚ್ಚು ಹಾಕಿಸಬೇಕು ಎಂದರು. ಆಗ ವನಜಾಕ್ಷಿಗೆ ಜೀವನದಲ್ಲಿ ಮೊದಲ ಸಲ ತನ್ನ ಕೈಯಲ್ಲಿ ಏನೋ ಇದೆ ಎಂದು ಗೊತ್ತಾಯಿತು. ಗೊತ್ತಾದದ್ದರಿಂದ ಇನ್ನಷ್ಟು ಹೆದರಿಕೆಯೂ ಆಯಿತು.

"ಫುಲ್ ಅನ್ನೋದು ತೆಗೀಬೇಕು ಸರ್. ಒಳಗೆ ಏನೇನು ಎಷ್ಟೆಷ್ಟು ಐತೆ ಅಂತ ಹಿಂದೆ ಬರೀಬೇಕು. ಇಲ್ಲ ಅಂದ್ರೆ ಹಾಕಲ್ಲ."

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಕೆಲಸ ಹೋಯಿತು ಎಂದುಕೊಂಡಳು. ಅವರು ಕ್ಯಾಲೆಂಡರ್ ನೋಡಿದರು, ಆರ್ಡರಿನ ಹಾಳೆ ನೋಡಿದರು, ತಂದೆಯ ಫೋಟೋ ನೋಡಿದರು. ಆಗಲಿ ಎಂದರು. ಎಲ್ಲ ಬರೆಯೋಣ, ಅಕ್ಷರದ ಗಾತ್ರ ಮಾತ್ರ ನನಗೆ ಬಿಡು ಎಂದರು. ಲಕೋಟೆ ಕೊಟ್ಟರು.

ಮಾತಿಗೆ ತಪ್ಪಲಿಲ್ಲ. ಒಂದು ತಿಂಗಳ ಮೇಲೆ ಬಂದ ಗಿರಿ ಅಲ್ಟ್ರಾ ಡಬ್ಬಿಯ ಮುಂದೆ ಬೆಂಕಿ ಉಗುಳುವ ಕಾರಿತ್ತು, 'ಎಸ್ಟರ್ ಶಕ್ತಿ' ಇತ್ತು, ಅಂಗೈಯಷ್ಟು ಅಗಲಕ್ಕೆ ವನಜಾಕ್ಷಿಯ ಸಹಿ ಇತ್ತು, ಕೆಳಗೆ ಎರಡು ಚುಕ್ಕೆ. 'ಫುಲ್ ಸಿಂಥೆಟಿಕ್' ಇರಲಿಲ್ಲ. ಡಬ್ಬಿಯ ಹಿಂದೆ ಎಲ್ಲ ನಿಜವೂ ಇತ್ತು: ಮೂರನೆಯ ಗುಂಪು, ಎರಡನೆಯ ಗುಂಪು, ಹರಳೆಣ್ಣೆ, ಅಂಟಾಗುವ ಸಂಗತಿ, ಮೂರು ಸಾವಿರ ಕಿಲೋಮೀಟರು, ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ ಎಂಬುದೂ. ಅಲುಗಾಡಿಸಿ ಎಂಬ ಒಂದು ಸಾಲು ಮಾತ್ರ ಹೇಗೋ ದೊಡ್ಡದಾಗಿ ಬಿದ್ದಿತ್ತು. ಉಳಿದದ್ದು ರೇಷ್ಮೆಮೊಟ್ಟೆಯ ಗಾತ್ರದ ಅಕ್ಷರ, ತಿಳಿಹಳದಿ ಬಣ್ಣದ ಮೇಲೆ ಬಿಳಿ. ಅಚ್ಚಿನಲ್ಲಿ ತಪ್ಪಿದೆಯೇ ಎಂದು ನೋಡಲು ಅವಳು ಪ್ರಯೋಗಾಲಯದ ಭೂತಗನ್ನಡಿ ತರಬೇಕಾಯಿತು. ತಪ್ಪಿರಲಿಲ್ಲ. ಆ ದಿನ ಸೀಸೆ ತೊಳೆಯುವಾಗ ಅವಳು ಸಣ್ಣಗೆ ಹಾಡಿಕೊಂಡಳು.

ಅದೇ ವಾರ ಒಂದು ಸಂಜೆ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಕೈಲಾಂಚದ ಬಸ್ಸಿಗೆ ಕಾಯುವಾಗ ಓವೈಸನ ಗ್ಯಾರೇಜು ಕಾಣಿಸಿತು. ಬಾಗಿಲಲ್ಲಿ ಗಿರಿ ಅಲ್ಟ್ರಾ ಡಬ್ಬಿಗಳನ್ನು ಗೋಪುರದಂತೆ ಜೋಡಿಸಿದ್ದ, ಎಲ್ಲದರ ಸಹಿಯೂ ರಸ್ತೆಯ ಕಡೆಗೆ. ಒಬ್ಬ ಹಾಲಿನವನ ಮೊಪೆಡ್ಡು ಮುಂದೆ ನಿಂತಿತ್ತು. ಓವೈಸ್ ಒಂದು ಡಬ್ಬಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ತಲೆ ಓರೆ ಮಾಡಿ ಕೇಳಿಸಿಕೊಂಡ. ತೃಪ್ತಿಯಿಂದ ಮುಚ್ಚಳ ತಿರುವಿದ.

ವನಜಾಕ್ಷಿ ರಸ್ತೆ ದಾಟಿ ಹೋದಳು. ಹಿಂದೆ ಬರೆದದ್ದನ್ನು ಓದಿದಿರಾ ಎಂದು ಕೇಳಿದಳು. ಈ ಹಾಲಿನವರು ದಿನಕ್ಕೆ ಎಷ್ಟು ಕಿಲೋಮೀಟರು ಓಡಿಸುತ್ತಾರೆ, ಮೂರು ಸಾವಿರಕ್ಕೆ ಬದಲಾಯಿಸಬೇಕು ಎಂದು ಅವರಿಗೆ ಹೇಳಿದಿರಾ ಎಂದೂ ಕೇಳಿದಳು.

ಓವೈಸ್ ಅವಳನ್ನು ನೋಡಿ ಪ್ರೀತಿಯಿಂದ ನಕ್ಕ. ಹಾಲಿನವನಿಗೆ ಅವಳನ್ನು ತೋರಿಸಿ, ಡಬ್ಬಿಯ ಮೇಲಿನ ಸಹಿ ತೋರಿಸಿ, ಇವರೇ ಅವರು ಎಂದ. ಹಾಲಿನವನು ಕೈಮುಗಿದ.

"ನಿಮ್ ಸೈನ್ ಐತಲ್ಲಕ್ಕಾ. ಇನ್ನೇನ್ ಓದೋದು?"

ಎದುರಿಗೆ ಕೈಲಾಂಚದ ಬಸ್ಸು ಬಂದು ನಿಂತಿತು, ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದ. ವನಜಾಕ್ಷಿ ಬ್ಯಾಗಿಗೆ ಕೈಹಾಕಿ, ಅಂದಿನಿಂದ ಅಲ್ಲೇ ಉಳಿದಿದ್ದ ಭೂತಗನ್ನಡಿ ತೆಗೆದಳು. ಡಬ್ಬಿಯನ್ನು ಹಿಂದುಮುಂದು ಮಾಡಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಮೊದಲ ಸಾಲಿನಿಂದ, ಒಂದು ಪದವನ್ನೂ ಬಿಡದೆ ಗಟ್ಟಿಯಾಗಿ ಓದತೊಡಗಿದಳು. ಹಾಲಿನವನು ಕೈಮುಗಿದುಕೊಂಡೇ ಕೇಳಿದ. ಅವಳು ಎರಡನೆಯ ಗುಂಪಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತು, ಓವೈಸ್ ಇನ್ನೊಂದು ಡಬ್ಬಿಯನ್ನು ಕಿವಿಗೆ ಹಿಡಿದಿದ್ದ.